ಸ್ಯಾಕ್ರಮೆಂಟೊ: ಚಿತ್ರದೊಳಗಿನ ಊರು, ಚಿತ್ರದ ಕೆಳಗಿನ ಊರು



ಈ ಸಲದ ಬರಹಕ್ಕೆ ಕಾರಣವಾದದ್ದು ಒಂದು ಷೂ ಡಬ್ಬಿ. ನಮ್ಮ ಬಳಗದ ಹಿರಿಯರೊಬ್ಬರು ತೀರಿಕೊಂಡ ಮೇಲೆ, ಅವರ ಮಕ್ಕಳು ಮನೆ ಖಾಲಿ ಮಾಡುವಾಗ ಸಿಕ್ಕ ಕನ್ನಡ ಪುಸ್ತಕಗಳ ಜೊತೆಗೆ ಆ ಡಬ್ಬಿಯನ್ನೂ ತಂದುಕೊಟ್ಟರು. ಅದರಲ್ಲಿ ಎಪ್ಪತ್ತರ ದಶಕದ ಯುಗಾದಿ ಕೂಟವೊಂದರ ಫೋಟೊ ಇತ್ತು. ಬಾಡಿಗೆಗೆ ಹಿಡಿದ ಯಾವುದೋ ಹಾಲು, ಮಡಚುವ ಕುರ್ಚಿಗಳು, ಕಾಗದದ ತಟ್ಟೆಗಳಲ್ಲಿ ಒಬ್ಬಟ್ಟು, ಅಗಲ ಕಾಲರಿನ ಅಂಗಿ ತೊಟ್ಟ ಗಂಡಸರು, ಸೀರೆಯ ಮೇಲೆ ಕೋಟು ಹಾಕಿದ ಹೆಂಗಸರು. ಫಾಸ್ಟರ್ ಸಿಟಿಯ ಮನೆಯೊಂದರಲ್ಲಿ ಊಟದ ಮೇಜಿನ ಸುತ್ತ ಕೂತು ಎಣಿಸಿದೆವು. ಒಟ್ಟು ಮೂವತ್ತೊಂದು ಮುಖ. ಹದಿನೆಂಟು ಜನರ ಹೆಸರು ಹೇಳಲಾಯಿತು. ಉಳಿದ ಹದಿಮೂರು ಮಂದಿ ನಮ್ಮನ್ನೇ ನೋಡುತ್ತಾ ನಗುತ್ತಿದ್ದರು. ಚಿತ್ರದ ಹಿಂದೆ 'ಯುಗಾದಿ' ಎಂದಷ್ಟೇ ಬರೆದಿತ್ತು. ಉಳಿದದ್ದನ್ನು ಹೇಳಬಲ್ಲವರು ಹೋಗಿಬಿಟ್ಟಿದ್ದರು.

ಆ ದಿನಗಳಲ್ಲೇ ನಾವು ಸ್ಯಾಕ್ರಮೆಂಟೊಗೆ ಒಂದು ದಿನದ ಪ್ರವಾಸ ಹೋಗುವ ಸಿದ್ಧತೆಯಲ್ಲಿದ್ದೆವು. ಹೋಗುವ ಮೊದಲು ಆ ನದಿಪಟ್ಟಣದ ಹಳೆಯ ಚಿತ್ರಗಳನ್ನು ನೋಡಿಕೊಂಡು ಹೋಗೋಣ ಎಂದುಕೊಂಡು ಕೂತವರು, ವಾರಗಟ್ಟಲೆ ಅದರಲ್ಲೇ ಮುಳುಗಿದೆವು. ಷೂ ಡಬ್ಬಿಯ ಪ್ರಶ್ನೆಯೇ ಅಲ್ಲೂ ಎದುರಾಯಿತು: ಚಿತ್ರ ಉಳಿದಿದೆ ನಿಜ, ಆದರೆ ಉಳಿದಿರುವುದು ಏನು?

ಹುಡುಕಲು ಹೊರಟಾಗ ಮೊದಲು ಸಿಕ್ಕ ಚಿತ್ರವೇ ನಮ್ಮನ್ನು ದಾರಿ ತಪ್ಪಿಸಿತು. ಅದರ ಹೆಸರಿನಲ್ಲಿ ಸ್ಯಾಕ್ರಮೆಂಟೊ ಇದೆ, ಊರು ಮಾತ್ರ ಸ್ಯಾನ್ ಫ್ರಾನ್ಸಿಸ್ಕೊ. 1906ರ ಏಪ್ರಿಲ್ 18ರ ಭೂಕಂಪದ ದಿನ ಆರ್ನಾಲ್ಡ್ ಗೆಂಥೆ ಎಂಬ ಛಾಯಾಗ್ರಾಹಕ, ಅಂಗಡಿಯಿಂದ ಪಡೆದ ಕ್ಯಾಮೆರಾ ಹಿಡಿದು ಸ್ಯಾಕ್ರಮೆಂಟೊ ಬೀದಿಯ ಇಳಿಜಾರಿನಲ್ಲಿ ನಿಂತು ತೆಗೆದ ಪ್ರಸಿದ್ಧ ಚಿತ್ರ ಅದು. ಮನೆಯ ಮುಂಗೋಡೆ ಕುಸಿದಿದೆ, ಕೆಳಗೆ ಹೊಗೆ ಏಳುತ್ತಿದೆ, ಜನ ರಸ್ತೆಯಲ್ಲಿ ಕುರ್ಚಿ ಹಾಕಿಕೊಂಡು ಬೆಂಕಿ ನೋಡುತ್ತಿದ್ದಾರೆ. ಇದೇ ಗೆಂಥೆ ಭೂಕಂಪಕ್ಕೆ ಮೊದಲು ಅಲ್ಲಿನ ಚೀನಿ ಕೇರಿಯ ಚಿತ್ರಗಳನ್ನೂ ತೆಗೆದಿದ್ದ. ಕೇರಿ ಸುಟ್ಟುಹೋಯಿತು, ಚಿತ್ರಗಳು ಉಳಿದವು. ಆದರೆ ಅವುಗಳಲ್ಲಿ ಕೆಲವನ್ನು ಗೆಂಥೆ ತಿದ್ದಿದ್ದ, ಇಂಗ್ಲಿಷ್ ಬೋರ್ಡುಗಳನ್ನೂ ಬಿಳಿಯ ದಾರಿಹೋಕರನ್ನೂ ಅಳಿಸಿದ್ದ ಎಂಬುದನ್ನು ಇತಿಹಾಸಕಾರರು ಆಮೇಲೆ ಗುರುತಿಸಿದರು. ಕೊಳ್ಳುವವರಿಗೆ 'ಅಪ್ಪಟ ಚೀನಾ' ಬೇಕಾಗಿತ್ತು, ಆತ ಒದಗಿಸಿದ. ಆ ಜನ ಇಂಗ್ಲಿಷ್ ಬೋರ್ಡು ಹಾಕಿ ಎಲ್ಲರೊಡನೆ ವ್ಯಾಪಾರ ಮಾಡುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೊದವರೇ ಎಂಬ ಸಂಗತಿ ಹೀಗೆ ಚಿತ್ರದಿಂದ ಮಾಯವಾಯಿತು.

ಈ ಎಚ್ಚರಿಕೆ ಇಟ್ಟುಕೊಂಡು ಸ್ಯಾಕ್ರಮೆಂಟೊಗೆ ಹೋಗೋಣ.

ಫಾಸ್ಟರ್ ಸಿಟಿಯಿಂದ ಅದು ಸುಮಾರು 100 ಮೈಲಿ. ಸ್ಯಾನ್ ಮಟೇಯೊ ಸೇತುವೆ ದಾಟಿ, ಬರ್ಕ್ಲಿ, ವಲೇಹೊ, ಡೇವಿಸ್ ಹಾದು ಹೋದರೆ ಊರಿಗೆ ಮುಂಚೆ ಮೂರು ಮೈಲಿ ಉದ್ದದ ಯೋಲೊ ಕಾಸ್‌ವೇ ಬರುತ್ತದೆ. ಬೇಸಿಗೆಯಲ್ಲಿ ಹೋದವರಿಗೆ ಅದರ ಕೆಳಗೆ ಹೊಲಗದ್ದೆ ಕಾಣುತ್ತದೆ. ನೀರಿಲ್ಲದ ಕಡೆ ಇಷ್ಟುದ್ದ ಸೇತುವೆ ಯಾಕಪ್ಪಾ ಎನ್ನಿಸುತ್ತದೆ. ದೊಡ್ಡ ಮಳೆಯಾದ ಚಳಿಗಾಲದಲ್ಲಿ ಹೋದವರಿಗೆ ಉತ್ತರ ಸಿಗುತ್ತದೆ: ಕಣ್ಣು ಹಾಯುವವರೆಗೆ ನೀರೇ ನೀರು. 1916ರಲ್ಲಿ ಈ ದಾರಿ ತೆರೆಯುವ ತನಕ, ನೆರೆ ಬಂದಾಗ ಈ ತಗ್ಗು ಪ್ರದೇಶ ದಾಟಿ ಗಾಡಿಯಲ್ಲಿ ರಾಜಧಾನಿಗೆ ಹೋಗುವುದು ಆಗದ ಮಾತಾಗಿತ್ತು. ರೈಲು ಹಿಡಿಯಬೇಕು, ಇಲ್ಲವೇ ಸ್ಟೀಮರ್ ಹತ್ತಬೇಕು.

ಅದಕ್ಕೇ ಇಪ್ಪತ್ತನೆಯ ಶತಮಾನದ ಆರಂಭದ ಸ್ಯಾಕ್ರಮೆಂಟೊ ಚಿತ್ರಗಳಲ್ಲಿ ಊರಿನ ಮುಖವೆಂದರೆ ಧಕ್ಕೆ. ಫ್ರಂಟ್ ಸ್ಟ್ರೀಟಿನ ಉದ್ದಕ್ಕೂ ಏರಿ, ಏರಿಯ ಮೇಲೆ ರೈಲು ಹಳಿ, ಹಳಿಯ ಆಚೆ ದೋಣಿಗಳು. ಸ್ಯಾನ್ ಫ್ರಾನ್ಸಿಸ್ಕೊಗೆ ರಾತ್ರಿ ಹೊರಟು ಬೆಳಗ್ಗೆ ಮುಟ್ಟಿಸುವ ಸ್ಟೀಮರುಗಳು, ಹಣ್ಣಿನ ಪೆಟ್ಟಿಗೆಗಳ ರಾಶಿ, ಕುದುರೆ ಗಾಡಿಗಳು. ಈ ದೋಣಿಗಳಲ್ಲಿ ಕೊನೆಯ ದೊಡ್ಡ ಜೋಡಿ ಡೆಲ್ಟಾ ಕಿಂಗ್ ಮತ್ತು ಡೆಲ್ಟಾ ಕ್ವೀನ್ 1927ರಲ್ಲಿ ಓಡಾಟ ಶುರು ಮಾಡಿ 1940ರಲ್ಲಿ ನಿಲ್ಲಿಸಿದವು. ರಸ್ತೆ, ಸೇತುವೆ, ಮೋಟಾರು ಕಾರು ಅವನ್ನು ಮುಳುಗಿಸಿದವು ಎನ್ನಬಹುದು. ಡೆಲ್ಟಾ ಕಿಂಗ್ ಈಗ ಅದೇ ಧಕ್ಕೆಯಲ್ಲಿ ಹೋಟೆಲ್ ಆಗಿ ನಿಂತಿದೆ.

ಇಂಥ ಚಿತ್ರಗಳ ಕಾಲವನ್ನು ಗೊತ್ತುಮಾಡುವುದು ಒಂದು ಸೊಗಸಾದ ಆಟ, ನಮಗೂ ಅದರ ಚಟ ಹಿಡಿಯಿತು. ನದಿಯ ಮೇಲೆ ಐ ಸ್ಟ್ರೀಟಿನ ಎರಡು ಅಂತಸ್ತಿನ ತಿರುಗು ಸೇತುವೆ ಕಂಡರೆ ಚಿತ್ರ 1911ರ ಆಚೆಯದು. ಹಳದಿ ಬಣ್ಣದಿಂದ ಇಂದು ಎಲ್ಲರಿಗೂ ಪರಿಚಿತವಾದ ಟವರ್ ಬ್ರಿಜ್ ಕಂಡರೆ 1935ರದ್ದೋ ಆಮೇಲಿನದೋ. ಪೋಸ್ಟ್ ಕಾರ್ಡಾದರೆ ತಿರುಗಿಸಿ ನೋಡಬೇಕು. 1907ರ ಮಾರ್ಚ್‌ಗೆ ಮುಂಚೆ ಅಮೆರಿಕದ ಅಂಚೆಯವರು ಕಾರ್ಡಿನ ಹಿಂಬದಿಯಲ್ಲಿ ವಿಳಾಸ ಬಿಟ್ಟು ಬೇರೇನೂ ಬರೆಯಲು ಬಿಡುತ್ತಿರಲಿಲ್ಲ. ಹಾಗಾಗಿ ಆಗಿನ ಜನ ತಮ್ಮ ಕ್ಷೇಮ ಸಮಾಚಾರವನ್ನು ಚಿತ್ರದ ಮೇಲೆಯೇ, ಆಕಾಶದ ಜಾಗದಲ್ಲೋ ನದಿಯ ಜಾಗದಲ್ಲೋ ಗೀಚುತ್ತಿದ್ದರು. ಹಿಂಬದಿ ಎರಡು ಭಾಗವಾಗಿದ್ದರೆ ಅದು 1907ರ ನಂತರದ್ದು. ಬೀದಿಯಲ್ಲಿ ಜನರೇ ಇಲ್ಲದಂತೆ ಕಂಡರೆ ಊರು ಖಾಲಿಯಿತ್ತು ಎಂದುಕೊಳ್ಳಬಾರದು. ಗಾಜಿನ ನೆಗೆಟಿವ್ ಹಾಕಿ ಹೆಚ್ಚು ಹೊತ್ತು ಬೆಳಕು ಬಿಟ್ಟು ತೆಗೆದ ಚಿತ್ರದಲ್ಲಿ ನಿಂತವರು ಉಳಿಯುತ್ತಾರೆ, ನಡೆದವರು ಮಂಜಾಗುತ್ತಾರೆ. ಕೆಲಸವಿದ್ದವರು ಮಾಯ, ಬಿಡುವಿದ್ದವರು ಶಾಶ್ವತ!

ಇನ್ನೊಂದು ಗುರುತು ತಂತಿ ಕಂಬಗಳು. ಇಲ್ಲಿ ಕನ್ನಡಿಗರು ಸ್ವಲ್ಪ ನಿಲ್ಲಬೇಕು. ಅಮೆರಿಕನ್ ನದಿಯ ಮೇಲಿನ ಫೋಲ್ಸಮ್ ವಿದ್ಯುದಾಗಾರದಿಂದ 22 ಮೈಲಿ ದೂರದ ಸ್ಯಾಕ್ರಮೆಂಟೊಗೆ ಕರೆಂಟು ಹರಿದದ್ದು 1895ರ ಜುಲೈನಲ್ಲಿ. ಅಷ್ಟು ದೂರ ವಿದ್ಯುತ್ ಕಳಿಸುವುದೇ ಆಗ ದೊಡ್ಡ ಸಾಹಸವಾಗಿತ್ತು. ಸೆಪ್ಟೆಂಬರಿನಲ್ಲಿ ಊರಿಗೆ ಊರೇ ದೀಪೋತ್ಸವ ಮಾಡಿ ಸಂಭ್ರಮಿಸಿತು. ಇದಾಗಿ ಏಳೇ ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಾವೇರಿಯ ಕರೆಂಟು ಹರಿಯಿತು. ಎರಡೂ ಕಡೆ ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಅಮೆರಿಕದ ಒಂದೇ ಕಂಪನಿ, ಜನರಲ್ ಎಲೆಕ್ಟ್ರಿಕ್. 1905ರಲ್ಲಿ ಬೆಂಗಳೂರಿನ ಬೀದಿಗೂ ದೀಪ ಬಂತು. ಒಂದು ನದಿ, ಒಂದಿಷ್ಟು ಚಿನ್ನ, ಒಂದು ತಂತಿ. ಸ್ಯಾಕ್ರಮೆಂಟೊದ ಹಳೆಯ ಚಿತ್ರದಲ್ಲಿ ಕಾಣುವ ಕಂಬ ನಮಗೆ ಅಷ್ಟೇನೂ ಪರಕೀಯವಲ್ಲ.

ಚಿನ್ನ ಎಂದಾಕ್ಷಣ ನದಿಯ ಕಥೆ ಕೇಳಬೇಕಾಗುತ್ತದೆ. 1848ರಲ್ಲಿ ಕೊಲೋಮದಲ್ಲಿ ಚಿನ್ನ ಸಿಕ್ಕಿತು. ನಿಸೆನಾನ್ ಮೂಲನಿವಾಸಿಗಳ ನೆಲದಲ್ಲಿ, ಎರಡು ನದಿಗಳು ಸೇರುವ ತಗ್ಗಿನಲ್ಲಿ, ಹಡಗಿಳಿದವರ ಊರೊಂದು ಅವಸರವಾಗಿ ಎದ್ದಿತು. ನದಿಗೆ ಈ ಅವಸರ ಹಿಡಿಸಲಿಲ್ಲ. 1850ರಲ್ಲಿ ನೆರೆ ಬಂತು, ಮತ್ತೆ ಬಂತು. 1861–62ರ ಚಳಿಗಾಲದಲ್ಲಿ ಮಹಾನೆರೆಯೇ ಬಂತು. 1862ರ ಜನವರಿ 10ರಂದು ಹೊಸ ಗವರ್ನರ್ ಲೀಲಂಡ್ ಸ್ಟ್ಯಾನ್‌ಫರ್ಡ್ ಪ್ರಮಾಣ ವಚನಕ್ಕೆ ದೋಣಿಯಲ್ಲಿ ಹೋದರು. ನಮ್ಮ ಪಾಲೊ ಆಲ್ಟೊದ ವಿಶ್ವವಿದ್ಯಾಲಯವನ್ನು ಮುಂದೆ ಸ್ಥಾಪಿಸಿದವರು ಇವರೇ. ಶಾಸನಸಭೆ ಗಂಟುಮೂಟೆ ಕಟ್ಟಿಕೊಂಡು ಆ ಅಧಿವೇಶನ ಮುಗಿಯುವ ತನಕ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದುಬಿಟ್ಟಿತು.

ಊರಿನವರು ಮಾತ್ರ ಬಿಟ್ಟು ಹೋಗಲಿಲ್ಲ. ಊರನ್ನೇ ಎತ್ತಿದರು! ಪೇಟೆಯ ಬೀದಿಗಳನ್ನು ಮಣ್ಣು ತುಂಬಿ ಸುಮಾರು ಹತ್ತು ಅಡಿ ಮೇಲಕ್ಕೆ ತಂದರು. ಕೆಲವು ಕಟ್ಟಡಗಳನ್ನು ಜಾಕು ಕೊಟ್ಟು ಎತ್ತಿದರು. ಆಗದಿದ್ದ ಕಡೆ ನೆಲ ಅಂತಸ್ತನ್ನು ನೆಲಮಾಳಿಗೆಯೆಂದು ಒಪ್ಪಿಕೊಂಡು ಎರಡನೆಯ ಅಂತಸ್ತಿಗೆ ಬಾಗಿಲಿಟ್ಟರು. ಅಮೆರಿಕನ್ ನದಿಯ ಸಂಗಮವನ್ನೇ ಉತ್ತರಕ್ಕೆ ಸರಿಸಿದರು. ಹಳೆಯ ಕಾಲುದಾರಿಗಳು ಇಂದಿಗೂ ಟೊಳ್ಳಾಗಿ ಕೆಳಗೆ ಉಳಿದಿವೆ. ಅಲ್ಲಿನ ಇತಿಹಾಸ ಸಂಗ್ರಹಾಲಯದವರು ಟಿಕೆಟ್ ಕೊಟ್ಟು ಕೆಳಗಿಳಿಸಿ ತೋರಿಸುತ್ತಾರೆ. ಅಂದರೆ 1905ರ ಚಿತ್ರವೊಂದರಲ್ಲಿ ಟೋಪಿ ಹಾಕಿಕೊಂಡ ಸಾಹೇಬರು ಅಂಗಡಿ ಮುಂದೆ ನೆಟ್ಟಗೆ ನಿಂತಿದ್ದರೆ, ಅವರ ಕಾಲ ಕೆಳಗೆ ಮೊದಲಿನ ಊರು ಇದೆ. ಅದನ್ನು ಕ್ಯಾಮೆರಾ ತೋರಿಸುವುದಿಲ್ಲ; ಗೊತ್ತಿದ್ದವರು ಹೇಳಬೇಕು.

ಇಲ್ಲಿ ನಮ್ಮ ನಾಡಿನ ಓದುಗರಿಗೆ ಬಾಗಲಕೋಟೆ ನೆನಪಾಗದೆ ಇರದು. ಆಲಮಟ್ಟಿಯ ಹಿನ್ನೀರು ಏರಿದಾಗ ಘಟಪ್ರಭೆಯ ದಂಡೆಯ ಹಳೆಯ ಪೇಟೆಯ ಬಹುಭಾಗ ನೀರು ಪಾಲಾಯಿತು, ಜನ ನವನಗರಕ್ಕೆ ಹೋದರು. ಶರಾವತಿಯ ಕಣಿವೆಯಲ್ಲಿ 1964ರ ಲಿಂಗನಮಕ್ಕಿ ಮುಳುಗಿಸಿದ ಊರುಗಳ ಕಥೆಯನ್ನು ನಾ. ಡಿಸೋಜ ಅವರ ಕಾದಂಬರಿಗಳಿಂದ ನಾವು ತಿಳಿದವರು. ಅಲ್ಲಿ ನೀರಿಗಾಗಿ ಊರನ್ನು ಕೊಟ್ಟರು. ಇಲ್ಲಿ ನೀರಿನಿಂದ ಊರನ್ನು ಕಿತ್ತುಕೊಂಡರು. ಎರಡೂ ಕಡೆ ಹಳೆಯ ಊರು ಕೆಳಗೆ ಹೋಯಿತು, ಮೇಲೆ ಉಳಿದದ್ದು ಒಂದಿಷ್ಟು ಚಿತ್ರ, ಒಂದಿಷ್ಟು ಬಾಯಿಮಾತು.

ಎತ್ತಿದ ಮೇಲೂ ಸ್ಯಾಕ್ರಮೆಂಟೊದ ಕಷ್ಟ ತೀರಲಿಲ್ಲ. ಬೆಟ್ಟಗಳಲ್ಲಿ ನೀರಿನ ಪಿಚಕಾರಿ ಹೊಡೆದು ಗುಡ್ಡಗಳನ್ನೇ ಕರಗಿಸಿ ಚಿನ್ನ ತೆಗೆಯುತ್ತಿದ್ದ ಗಣಿಗಳ ಹೂಳು ನದಿಯ ತಳವನ್ನು ಏರಿಸುತ್ತಾ ಬಂತು. ರೈತರು ಹೂಡಿದ ಮೊಕದ್ದಮೆಯಲ್ಲಿ 1884ರಲ್ಲಿ ನ್ಯಾಯಾಲಯ ಆ ಹೂಳು ನದಿಗೆ ಬಿಡುವುದನ್ನು ತಡೆಯಿತು. ಆದರೆ ಬಿದ್ದ ಹೂಳು ಬಿದ್ದಿತ್ತು. ಭೂವಿಜ್ಞಾನಿ ಜಿ. ಕೆ. ಗಿಲ್ಬರ್ಟ್ ಅದರ ಹಿಂದೆ ವರ್ಷಗಟ್ಟಲೆ ಓಡಾಡಿ, ಚಿತ್ರಗಳನ್ನೂ ತೆಗೆದು, 1917ರಲ್ಲಿ ವರದಿ ಕೊಟ್ಟರು: ಪನಾಮಾ ಕಾಲುವೆಗೆ ಅಗೆದ ಮಣ್ಣಿನ ಸುಮಾರು ಎಂಟರಷ್ಟು ಹೂಳು ಈ ನದಿಗಳಿಗೆ ಬಂದು ಸೇರಿದೆ, ಅದರಲ್ಲಿ ಬಹಳಷ್ಟು ನಮ್ಮ ಕೊಲ್ಲಿಯವರೆಗೂ ಇಳಿದಿದೆ ಎಂದು.

1907ರಲ್ಲಿ ಮತ್ತು 1909ರಲ್ಲಿ ದೊಡ್ಡ ನೆರೆಗಳು ಬಂದವು. ಆಗ ಜನರಿಗೆ ಒಂದು ಮಾತು ಹೊಳೆಯಿತು. ಏರಿಯನ್ನು ಎಷ್ಟು ಎತ್ತರಿಸಿದರೂ ನದಿ ಇನ್ನಷ್ಟು ಎತ್ತರಕ್ಕೆ ಬರುತ್ತದೆ. ಅದಕ್ಕೆ ಒಂದು ದಾರಿ ಬಿಡುವುದೇ ಮೇಲು. 1911ರಲ್ಲಿ ರಾಜ್ಯ ಒಪ್ಪಿದ, 1917ರಲ್ಲಿ ಸಂಸತ್ತು ಮಂಜೂರು ಮಾಡಿದ ಯೋಜನೆಯ ತಿರುಳು ಇದೇ. ಊರಿನ ಮೇಲ್ಗಡೆ 1916ರಲ್ಲಿ 48 ಬಾಗಿಲುಗಳ ಒಂದು ಒಡ್ಡು ಕಟ್ಟಿದರು. ನೆರೆ ಹೆಚ್ಚಿದಾಗ ಆ ಬಾಗಿಲುಗಳನ್ನು ಆಳುಗಳೇ ಒಂದೊಂದಾಗಿ ಕೈಯಿಂದ ತೆರೆದು, ಹೆಚ್ಚಿನ ನೀರನ್ನು ಯೋಲೊ ತಗ್ಗಿಗೆ ಬಿಡುತ್ತಿದ್ದರು. ಕಾಸ್‌ವೇ ಮೇಲಿಂದ ನಾವು ನೋಡುವ ಚಳಿಗಾಲದ ಸಮುದ್ರ ಹೀಗೆ ದಾರಿ ಬಿಟ್ಟುಕೊಟ್ಟ ನೆರೆಯ ನೀರು.

ಈಗ ಜನರ ಮಾತಿಗೆ ಬರೋಣ. ಏರಿಗಳಿಗೆ ಮಣ್ಣು ಹೊತ್ತವರು ಯಾರು?

ನದಿ ಕೆಳಗಿಳಿದು ಕವಲೊಡೆಯುವ ಡೆಲ್ಟಾದಲ್ಲಿ ಹತ್ತೊಂಬತ್ತನೆಯ ಶತಮಾನದ ಏರಿಗಳನ್ನು ಹೆಚ್ಚಾಗಿ ಚೀನಿ ಕೂಲಿಗಳು ತಳ್ಳುಗಾಡಿ, ಸಲಿಕೆ ಹಿಡಿದು ಕಟ್ಟಿದರು. ಅವರ ಭಾಷೆಯಲ್ಲಿ ಸ್ಯಾಕ್ರಮೆಂಟೊಗೆ 'ಯೀ ಫೌ', ಎರಡನೆಯ ಪಟ್ಟಣ, ಎಂದು ಹೆಸರು. ಮೊದಲನೆಯದು ಸ್ಯಾನ್ ಫ್ರಾನ್ಸಿಸ್ಕೊ. ಅವರ ಕೇರಿ ಇದ್ದದ್ದು ಐ ಸ್ಟ್ರೀಟಿನ ಹಿಂದಿನ ಒಂದು ಕೊಳಚೆ ಹೊಂಡದ ದಂಡೆಯಲ್ಲಿ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ರೈಲ್ವೆಯವರು ಆ ಹೊಂಡವನ್ನು ಮುಚ್ಚಿದರು, 1926ರಲ್ಲಿ ಅಲ್ಲೇ ಭವ್ಯವಾದ ನಿಲ್ದಾಣ ಎದ್ದಿತು. ನಾವು ರೈಲಿಳಿದು 'ಎಂಥ ಚಾವಣಿ!' ಎಂದು ಕತ್ತೆತ್ತಿ ನೋಡುವ ಜಾಗ ಅದು. ಇನ್ನು 30 ಮೈಲಿ ಕೆಳಗಿನ ಲಾಕ್ ಎಂಬ ಊರನ್ನು 1915ರಲ್ಲಿ ಚೀನಿಯರೇ ತಮಗಾಗಿ ಕಟ್ಟಿಕೊಂಡರು. ನೆಲ ಮಾತ್ರ ಅವರದಾಗಲಿಲ್ಲ. 1913ರ ಕಾನೂನು ಏಷ್ಯಾದ ವಲಸಿಗರಿಗೆ ಭೂಮಿ ಕೊಳ್ಳಲು ಬಿಡುತ್ತಿರಲಿಲ್ಲ.

ಜಪಾನಿಯರು ಈ ಊರನ್ನು ತಮ್ಮ ಲಿಪಿಯಲ್ಲಿ 'ಓಫು' ಎಂದು ಬರೆದುಕೊಂಡರು; ಅದರಲ್ಲಿ ಸಕುರಾ ಹೂವಿನ ಅಕ್ಷರವಿದೆ. ಅವರ ಅಂಗಡಿ, ಆಸ್ಪತ್ರೆ, ಸ್ನಾನದ ಮನೆಗಳಿದ್ದ ಬೀದಿಗಳು ಕ್ಯಾಪಿಟಲ್ ಮತ್ತು ನದಿಯ ನಡುವೆ ಇದ್ದವು. 1942ರಲ್ಲಿ ಸರ್ಕಾರದ ಆಜ್ಞೆಯಂತೆ ಅವರನ್ನೆಲ್ಲ ಶಿಬಿರಗಳಿಗೆ ಸಾಗಿಸುವಾಗ ಬರ್ಕ್ಲಿಯ ಡೊರೊಥಿಯಾ ಲ್ಯಾಂಗ್ ಸರ್ಕಾರದ ಪರವಾಗಿಯೇ ಚಿತ್ರ ತೆಗೆದರು. ಸ್ಯಾಕ್ರಮೆಂಟೊದಲ್ಲೂ, ಪಕ್ಕದ ಫ್ಲೋರಿನ್ನಿನ ಸ್ಟ್ರಾಬೆರಿ ತೋಟಗಳಲ್ಲೂ ತೆಗೆದರು. ಲ್ಯಾಂಗ್ ಅಡಿಬರಹಗಳನ್ನು ಶ್ರದ್ಧೆಯಿಂದ ಬರೆಯುತ್ತಿದ್ದರು: ಎಲ್ಲಿ, ಯಾವ ದಿನ, ಈ ಮನುಷ್ಯನ ಕೆಲಸವೇನು, ಇವರ ಮಗ ಯಾವ ಸೈನ್ಯದಲ್ಲಿದ್ದಾನೆ. ತೆಗೆಸಿದವರಿಗೆ ಆ ಚಿತ್ರಗಳು ರುಚಿಸಲಿಲ್ಲ. ಯುದ್ಧ ಮುಗಿಯುವ ತನಕ ಬಹಳಷ್ಟನ್ನು ಜನರಿಗೆ ತೋರಿಸದೆ ಕಟ್ಟಿಟ್ಟರು. ಜನ ಶಿಬಿರದಿಂದ ಮರಳಿ ಮತ್ತೆ ಅಂಗಡಿ ತೆರೆದ ಆ ಬೀದಿಗಳನ್ನು 1950ರ ದಶಕದಲ್ಲಿ ನಗರ ನವೀಕರಣದ ಹೆಸರಿನಲ್ಲಿ ಕೆಡವಲಾಯಿತು. ಇಂದಿನ ವಿಶಾಲವಾದ ಕ್ಯಾಪಿಟಲ್ ಮಾಲ್ ಅದರ ಫಲ.

ನಮ್ಮ ದೇಶದವರು? ಅವರೂ ಇದ್ದರು. ಪಂಜಾಬಿನಿಂದ ಬಂದವರು ಈ ಕಣಿವೆಯಲ್ಲಿ ಹಳಿ ಹಾಕಿದರು, ಆಲೂಗಡ್ಡೆ ಬೆಳೆದರು, ತೋಟಗಳಲ್ಲಿ ದುಡಿದರು. 1912ರಲ್ಲಿ ಸ್ಟಾಕ್‌ಟನ್ನಿನಲ್ಲಿ ಗುರುದ್ವಾರ ಸ್ಥಾಪಿಸಿದರು. ಆಲೂಗಡ್ಡೆ ಬೆಳೆಗಾರ ಜ್ವಾಲಾ ಸಿಂಗ್ ತಮ್ಮ ಹಣದಿಂದ ಭಾರತದ ವಿದ್ಯಾರ್ಥಿಗಳು ಬರ್ಕ್ಲಿಗೆ ಬಂದು ಓದಲು ವಿದ್ಯಾರ್ಥಿವೇತನ ಏರ್ಪಡಿಸಿದರು. 1913ರ ಗದರ್ ಪಕ್ಷಕ್ಕೆ ಬೆನ್ನೆಲುಬಾದವರೂ ಇವರೇ. ಆದರೆ ಆ ಕಾಲದ ಚಿತ್ರಗಳ ಕೆಳಗೆ ನೋಡಿ: ಪೇಟ ಸುತ್ತಿದ ಸಿಖ್ಖರಿರಲಿ, ಮುಸಲ್ಮಾನರಿರಲಿ, ಎಲ್ಲರಿಗೂ ಒಂದೇ ಪದ, 'ಹಿಂದೂಗಳು'. ಪಕ್ಕದಲ್ಲಿ ನಿಂತ ಕುದುರೆಯ ಮಾಲೀಕನ ಹೆಸರು ಬರೆಯಲು ಜಾಗವಿದ್ದೀತು, ಇವರ ಹೆಸರಿಗೆ ಇರಲಿಲ್ಲ. ಸಾವಿರಾರು ಮೈಲಿ ದಾಟಿ ಬಂದು ಬೆವರು ಸುರಿಸಿದ ಒಬ್ಬ ಮನುಷ್ಯ, ಅಪ್ಪ ಅಮ್ಮ ಇಟ್ಟ ಹೆಸರಿದ್ದವನು, ಒಂದು ತಪ್ಪು ಬಹುವಚನವಾಗಿ ಉಳಿದುಬಿಟ್ಟ.

ಸ್ಯಾಕ್ರಮೆಂಟೊದ ಹಳೆಯ ಚಿತ್ರಗಳು ನಮಗೆ ಕಲಿಸಿದ್ದು ಇದನ್ನೇ. ದೋಣಿಗಳ ಹೆಸರು ಗೊತ್ತು, ಸೇತುವೆಗಳ ವರ್ಷ ಗೊತ್ತು, ಕಟ್ಟಡಗಳ ಮಾಲೀಕರು ಗೊತ್ತು. ಪೆಟ್ಟಿಗೆ ಹೊತ್ತವನ ಹೆಸರು ಗೊತ್ತಿಲ್ಲ. ಊರನ್ನು ನೆರೆ ಅರ್ಧ ಮುಳುಗಿಸಿತು. ಉಳಿದರ್ಧವನ್ನು ಮುಳುಗಿಸಿದ್ದು ಅಡಿಬರಹ ಬರೆಯದವರ ಸೋಮಾರಿತನ. ಆ ಊರಿನ ಪತ್ರಾಗಾರಗಳಲ್ಲಿ, ರಾಜ್ಯದ ಗ್ರಂಥಾಲಯದಲ್ಲಿ, ಗಾಜಿನ ನೆಗೆಟಿವುಗಳನ್ನು ಒರೆಸಿ ಜೋಡಿಸಿಟ್ಟವರ ಋಣ ದೊಡ್ಡದು. ಆದರೆ ಅವರು ಉಳಿಸಬಲ್ಲದ್ದು ಕೈಗೆ ಬಂದದ್ದನ್ನು ಮಾತ್ರ. ಹೆಸರನ್ನು ಕೊಡಬೇಕಾದವರು ಚಿತ್ರದಲ್ಲಿದ್ದವರು, ಇಲ್ಲವೇ ಅವರನ್ನು ಬಲ್ಲವರು.

ನಾವೂ ಏರಿಯ ಕೆಳಗೆ ಬಾಳುವ ಜನವೇ. ಫಾಸ್ಟರ್ ಸಿಟಿಯೆಂದರೆ 1960ರ ದಶಕದಲ್ಲಿ ಬ್ರೂವರ್ ದ್ವೀಪದ ಜೌಗಿನ ಮೇಲೆ ಮಣ್ಣು ತುಂಬಿ ಎಬ್ಬಿಸಿದ ಊರು. 1971ರಲ್ಲಿ ಅದಕ್ಕೆ ನಗರದ ಪಟ್ಟ ಸಿಕ್ಕಿತು. 2018ರಲ್ಲಿ ಇಲ್ಲಿನ ಮತದಾರರು 9 ಕೋಟಿ ಡಾಲರ್ ಸಾಲಕ್ಕೆ ಒಪ್ಪಿದ್ದರಿಂದ ಕೊಲ್ಲಿಯ ಏರಿ ಎತ್ತರವಾಯಿತು. ಅದರ ಮೇಲೆ ಸಂಜೆ ವಾಕಿಂಗ್ ಹೋಗುವಾಗ ಮೊಬೈಲಿನಲ್ಲಿ ಚಿತ್ರ ತೆಗೆಯದವರು ಯಾರಿದ್ದೇವೆ? ಸಾವಿರಗಟ್ಟಲೆ ತೆಗೆಯುತ್ತೇವೆ. ಯಾವುದರ ಕೆಳಗೂ ಒಂದು ಸಾಲು ಬರೆಯುವುದಿಲ್ಲ.

ಆದ್ದರಿಂದ ಒಂದು ಕೋರಿಕೆ. ಮುಂದಿನ ಕೂಟಕ್ಕೆ ಬರುವಾಗ ತಿಂಡಿಯ ಜೊತೆಗೆ ನಿಮ್ಮ ಮನೆಯ ಹಳೆಯ ಫೋಟೊಗಳನ್ನೂ ತನ್ನಿ. ಮೆತ್ತನೆಯ ಪೆನ್ಸಿಲ್ ನಾವು ಇಟ್ಟಿರುತ್ತೇವೆ. ಬಾಲ್‌ಪೆನ್ ಬೇಡ, ಹಿಂದಿನಿಂದ ಒತ್ತಿ ಮುಖದ ಮೇಲೆ ಗೆರೆ ಮೂಡುತ್ತದೆ. ಎಡದಿಂದ ಬಲಕ್ಕೆ, ಕನ್ನಡದಲ್ಲಿ, ಪೂರ್ತಿ ಹೆಸರು ಬರೆಯೋಣ. 'ಶ್ರೀಮತಿ ಮತ್ತು ಶ್ರೀ' ಎಂದು ಗಂಡನ ಹೆಸರಷ್ಟೇ ಹಾಕಿ ಕೈತೊಳೆದುಕೊಳ್ಳುವುದು ಬೇಡ. ಒಬ್ಬಟ್ಟು ಮಾಡಿದವರಾರು, ಹಾಲಿನ ಬಾಡಿಗೆ ಕೊಟ್ಟವರಾರು, ಫೋಟೊ ತೆಗೆದವರಾರು ಎಂಬುದೂ ಇರಲಿ.

ಅಂದ ಹಾಗೆ, ಷೂ ಡಬ್ಬಿಯ ಆ ಚಿತ್ರವನ್ನೂ ಅಂದು ಮೇಜಿನ ಮೇಲೆ ಇಡುತ್ತೇವೆ. ಎರಡನೆಯ ಸಾಲಿನಲ್ಲಿ, ಬಲತುದಿಯಲ್ಲಿ, ಹಸಿರು ಸೀರೆಯ ಮೇಲೆ ಕಂದು ಕೋಟು ತೊಟ್ಟು ಮಗುವನ್ನು ಎತ್ತಿಕೊಂಡ ಹೆಣ್ಣುಮಗಳೊಬ್ಬರಿದ್ದಾರೆ. ಅವರು ಯಾರೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಆ ಮಗು ನೀವೇ ಆಗಿದ್ದರಂತೂ ತಪ್ಪದೆ ಬನ್ನಿ.